ಮರಳಿನ ಗುಡ್ಡೆಯೂ ಹದಿನೈದು ಪರ್ಸೆಂಟೂ

ನಮ್ಮ ಲೇಔಟಿನ ಹೊಸ ಪಾರ್ಕಿನ ಬಗ್ಗೆ ಮೊನ್ನೆ ಭಾನುವಾರ ಮೀಟಿಂಗ್ ಇತ್ತು. ವಾಕಿಂಗ್ ಪಾತ್, ಲಾನ್, ಯೋಗಕ್ಕೊಂದು ಕಟ್ಟೆ, ಮೂಲೆಯಲ್ಲಿ ಪಂಪ್‌ಹೌಸು, ಎಲ್ಲಾ ನಕ್ಷೆಯಲ್ಲಿ ಬಂದುಬಿಟ್ಟಿತ್ತು. "ಮಕ್ಕಳಿಗೆ?" ಅಂದೆ. "ಜಾಗ ಉಳಿದ್ರೆ ಒಂದು ಜಾರುಬಂಡೆ, ಎರಡು ಉಯ್ಯಾಲೆ ಹಾಕ್ಸೋಣ ಸಾರ್" ಅಂದರು.

ಜಾಗ ಉಳಿದ್ರೆ! ರಾತ್ರಿ ಅವ್ವನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅವ್ವ ನಕ್ಕಳು. "ಮಕ್ಕ ಆಡಕ್ಕೂ ಮೀಟಿಂಗ್ ಮಾಡ್ತರ ಕೂಸು?"

ಅವ್ವನ ತವರು ಗೋಪಿನಾಥಂ. ಮಲೆ ಮಹದೇಶ್ವರ ಬೆಟ್ಟ ದಾಟಿ ಹೊಗೇನಕಲ್ ಕಡೆ ಹೋಗುವಾಗ, ಕಾಡಿನ ನಡುವೆ ಸಿಗೋ ಊರು. 1956ರ ತನಕ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿ ಇವತ್ತಿಗೂ ಮನೆಮಾತು ಹೆಚ್ಚಾಗಿ ತಮಿಳು. ಅವ್ವ ಈಗಲೂ ದುಡ್ಡು ಎಣಿಸೋದು ತಮಿಳಲ್ಲೇ. ಆ ಊರಲ್ಲಿ ಆಟದ ಮೈದಾನ ಅಂತ ಯಾರೂ ಗುರುತು ಮಾಡಿರಲಿಲ್ಲ. ಕಟಾವಾದ ಹೊಲ, ಕಣ, ಮಾರಮ್ಮನ ಗುಡಿ ಮುಂದಿನ ಬಯಲು, ಹುಣಸೆಮರದ ಬುಡ, ಎಲ್ಲಾ ಕಡೆ ಆಟವೇ. ಮರಕೋತಿ, ಗೋಲಿ, ಬುಗುರಿ, ಕುಂಟೆಬಿಲ್ಲೆ. ಕಾಗದಪತ್ರ ಏನೂ ಬೇಕಿರಲಿಲ್ಲ.

ಆದರೆ ಅದೇ ಊರಲ್ಲಿ ಮಕ್ಕಳ ಆಟ ನಿಂತುಹೋದ ಕಾಲವೂ ಇತ್ತು. ವೀರಪ್ಪನ್ ಹುಟ್ಟಿದ ಊರು ಅದು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅಲ್ಲಿಗೆ ಬಂದು ಜನರ ಜೊತೆ ಇದ್ದು ಮನೆ ಕಟ್ಟಿಸಿಕೊಟ್ಟರು, ಔಷಧಿ ಕೊಡಿಸಿದರು, ಮಾರಮ್ಮನ ಗುಡಿ ಕಟ್ಟಿಸಿದರು. ಬಂದೂಕಿಗಿಂತ ನಂಬಿಕೆಯಿಂದ ಕೆಲಸ ಆಗುತ್ತೆ ಅಂದುಕೊಂಡಿದ್ದ ಮನುಷ್ಯ. ಶರಣಾಗ್ತೀನಿ ಅನ್ನೋ ಮಾತು ನಂಬಿ ಬರಿಗೈಯಲ್ಲಿ ಹೋದವರನ್ನ 1991ರ ನವೆಂಬರ್ 10ರಂದು ವೀರಪ್ಪನ್ ಕೊಂದ. ಮರಣೋತ್ತರವಾಗಿ ಕೀರ್ತಿ ಚಕ್ರ ಬಂತು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ನೆಲಬಾಂಬಿಗೆ 22 ಜನ ಸತ್ತರು. ಆಮೇಲೆ ಆ ಸೀಮೆಯಲ್ಲಿ ಸಂಜೆ ಅನ್ನೋದೇ ಇರಲಿಲ್ಲ. "ಹೊತ್ತು ಮುಳುಗಕ್ಕೆ ಮುಂಚೆ ಕೂಸುಗಳ್ನ ಒಳಕ್ಕೆ ಎಳ್ಕೊಂಡು ಅಗುಳಿ ಹಾಕೋರು" ಅಂತಾಳೆ ಅವ್ವ. ರಜೆಗೆ ನಮ್ಮನ್ನ ತವರಿಗೆ ಕರ್ಕೊಂಡು ಹೋಗೋದನ್ನೂ ಬಿಟ್ಟಿದ್ದಳು. ಬಯಲು ಇದ್ದಲ್ಲೇ ಇತ್ತು, ಅದರ ಮೇಲೆ ಯಾರೂ ಏನೂ ಕಟ್ಟಿರಲಿಲ್ಲ. ಆಡೋಕೆ ಮಕ್ಕಳೇ ಬರ್ತಿರಲಿಲ್ಲ ಅಷ್ಟೆ. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸಾಯೋವರೆಗೂ ಆ ಭಯ ಪೂರ್ತಿ ಹೋಗಲಿಲ್ಲ.

ಅದೇ 1991ರಲ್ಲೇ, ಬೆಂಗಳೂರಿನ ಒಂದು ಪಾರ್ಕ್ ಜಾಗದ ಕೇಸು ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ನಮ್ಮ ಲೇಔಟಿಗೆ ಪಾರ್ಕ್ ಜಾಗ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು ಇದು.

ಬೆಂಗಳೂರಲ್ಲಿ ಗಾಳಿ ಬೆಳಕಿನ ಲೆಕ್ಕ ಹಾಕಿ ಬಡಾವಣೆ ಮಾಡೋ ಬುದ್ಧಿ ಬಂದಿದ್ದು ಪ್ಲೇಗಿನಿಂದ. 1898ರ ಪ್ಲೇಗ್ ಆದಮೇಲೆ ಎದ್ದಿದ್ದು ಬಸವನಗುಡಿ, ಮಲ್ಲೇಶ್ವರ. ಆಮೇಲೆ 1945ರ ಬೆಂಗಳೂರು ನಗರ ಸುಧಾರಣಾ ಕಾಯ್ದೆ ಬಂತು. ಅದರಡಿ ಮಾಡಿದ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ಸ್ಯಾಂಕಿ ಕೆರೆ ಹತ್ತಿರ, ಒಂದು ಜಾಗವನ್ನ ಸಾರ್ವಜನಿಕ ಪಾರ್ಕಿಗೆ ಬಿಟ್ಟಿದ್ದರು. ಅದನ್ನ ಸರ್ಕಾರದ ಆದೇಶದ ಮೇಲೆ ಬಿಡಿಎ 1976ರಲ್ಲಿ ಒಂದು ಖಾಸಗಿ ವೈದ್ಯಕೀಯ ಟ್ರಸ್ಟಿಗೆ ಆಸ್ಪತ್ರೆ ಕಟ್ಟೋಕೆ ಕೊಟ್ಟಿತು. ಇಲ್ಲಿ ಒಂದು ನಿಮಿಷ ಯೋಚನೆ ಮಾಡಿ. ಬಾರ್ ಅಲ್ಲ, ಮಾಲ್ ಅಲ್ಲ, ಆಸ್ಪತ್ರೆ. ಆಸ್ಪತ್ರೆ ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ನನಗಂತೂ ಬರ್ತಿರಲಿಲ್ಲ ಅನ್ಸುತ್ತೆ. ಅಲ್ಲಿನ ನಿವಾಸಿಗಳು ಅಂದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರ ಜುಲೈ 19ರಂದು ಸುಪ್ರೀಂ ಕೋರ್ಟ್ ಟ್ರಸ್ಟಿನ ಮೇಲ್ಮನವಿಯನ್ನ ವಜಾ ಮಾಡಿತು. ಪಾರ್ಕಿಗೆ ಅಂತ ಬಿಟ್ಟ ಜಾಗಕ್ಕೆ ಖಾಸಗಿ ನರ್ಸಿಂಗ್ ಹೋಮ್ ಬದಲಿ ಆಗಲ್ಲ, ಇದನ್ನ ಕೇಳೋ ಹಕ್ಕು ಅಲ್ಲಿ ವಾಸ ಮಾಡೋ ಜನರಿಗೆ ಇದೆ ಅಂತ ತೀರ್ಪು. ಮುದ್ದಪ್ಪ ಕೇಸು ಅಂತಲೇ ಕಾನೂನಿನವರಿಗೆ ಗೊತ್ತು. ಎಲ್ಲಾದರೂ ಪಾರ್ಕ್ ಜಾಗದ ತಕರಾರು ಎದ್ದರೆ ವಕೀಲರು ಇವತ್ತಿಗೂ ಇದನ್ನ ತೆಗೀತಾರೆ.

ಬಿಡಿಎ ಕಾಯ್ದೆ ಪ್ರಕಾರ ಲೇಔಟಿನ ಕನಿಷ್ಠ 15 ಪರ್ಸೆಂಟ್ ಜಾಗ ಪಾರ್ಕು ಮತ್ತು ಆಟದ ಮೈದಾನಕ್ಕೆ, ಇನ್ನೊಂದು 10 ಪರ್ಸೆಂಟ್ ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ಹಾಗೆ ಬಿಟ್ಟಿದ್ದನ್ನ ಬೇರೆಯದಕ್ಕೆ ಕೊಡಬಾರದು ಅಂತ ಆಮೇಲೆ ಸೇರಿಸಿದ 38-ಎ ಕಲಮೂ ಇದೆ. ಒಳ್ಳೇದೇ. ಆದರೆ ನಾನು ದಿನಾ ಕೋಡ್ ಓದೋನು, ಕಣ್ಣು ಹೋಗಿದ್ದು ನಡುವಿನ 'ಮತ್ತು' ಮೇಲೆ. ಪಾರ್ಕ್ ಎಷ್ಟು, ಆಟಕ್ಕೆ ಎಷ್ಟು ಅಂತ ಅಲ್ಲಿ ಇಲ್ಲ. ಹದಿನೈದೂ ಲಾನ್ ಆದರೂ ಕಾನೂನು ಪಾಲಿಸಿದ ಹಾಗೇ. ಅದಕ್ಕೇ ಎಷ್ಟೋ ಪಾರ್ಕಿನ ಗೇಟಲ್ಲಿ 'ಚೆಂಡಾಟ ನಿಷೇಧಿಸಲಾಗಿದೆ' ಅಂತ ಬೋರ್ಡು, ಮಧ್ಯಾಹ್ನಕ್ಕೆ ಬೀಗ. ಶಾಲೆಗೆ ರಜಾ ಇದ್ದ ದಿನ ಮಕ್ಕಳು ಆ ಬೀಗ ಹಿಡ್ಕೊಂಡು ಒಳಗೆ ನೋಡ್ತಾ ನಿಂತಿರೋದನ್ನ ನಾನೇ ಕಂಡಿದ್ದೀನಿ. ಕಟ್ಟಡದಿಂದ ಜಾಗ ಉಳಿಸಿಕೊಂಡಿದ್ದೀವಿ, ವಾಕಿಂಗಿಗೆ ಬರೋ ನಮ್ಮಂಥವರಿಂದ ಉಳಿಸೋಕೆ ಕಲಮಿಲ್ಲ.

ಎರಡನೇ ಮೀಟಿಂಗಿಗೆ ನಾನು ಸಿದ್ಧವಾಗೇ ಹೋದೆ. ಜಾರುಬಂಡೆ, ಉಯ್ಯಾಲೆ ದುಡ್ಡಾದಾಗ ಹಾಕೋಣ, ಮೊದಲು ಕಾಲು ಭಾಗ ಜಾಗ ನಕ್ಷೆಯಲ್ಲಿ ಗೀಟು ಹಾಕಿ ಮಕ್ಕಳಿಗೆ ಬಿಡಿ, ಅಲ್ಲಿ ಒಂದು ಲೋಡು ಮರಳು ಸುರೀರಿ ಸಾಕು ಅಂದೆ. ಅಮೆರಿಕದ ಬಾಸ್ಟನ್ನಿನಲ್ಲಿ 1885ರಲ್ಲಿ ಶುರುವಾಗಿದ್ದೂ ಮರಳಿಂದಲೇ. ಬರ್ಲಿನ್ನಿನ ಪಾರ್ಕುಗಳಲ್ಲಿ ಮಕ್ಕಳು ಮರಳಲ್ಲಿ ಆಡೋದನ್ನ ನೋಡಿ ಬಂದ ಮೇರಿ ಜಾಕ್ರ್‌ಜೆವ್‌ಸ್ಕಾ ಅನ್ನೋ ಡಾಕ್ಟರ್ ಹೇಳಿದ್ದಕ್ಕೆ, ಬಡವರ ಕೇರಿಯೊಂದರ ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಮರಳು ಸುರಿದರು. ಆ ದೇಶದ ಮಕ್ಕಳ ಆಟದ ತಾಣಗಳ ಚರಿತ್ರೆಯನ್ನ ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡ್ತಾರೆ.

"ಮರಳಲ್ಲಿ ಬೆಕ್ಕು ಗಲೀಜು ಮಾಡುತ್ತೆ ಸಾರ್" ಅಂದರು ಒಬ್ಬರು. ರಾತ್ರಿ ಟಾರ್ಪಾಲು ಮುಚ್ಚೋಣ ಅಂದೆ. ಮುಚ್ಚೋರು ಯಾರು ಅಂದರು. ನಾನೇ ಅಂದೆ. ಕಾಲು ಭಾಗ ಕೊಡೋಕೆ ಒಪ್ಪಲಿಲ್ಲ. ಚರ್ಚೆಯಾಗಿ ಪಂಪ್‌ಹೌಸ್ ಪಕ್ಕದ ಮೂಲೆ ಸಿಕ್ಕಿತು. ಮೂವತ್ತು ನಲವತ್ತರ ಸೈಟಿನಷ್ಟು ಜಾಗ. ನಕ್ಷೆಯಲ್ಲಿ ಕೆಂಪು ಪೆನ್ನಲ್ಲಿ ಗೀಟು ಹಾಕಿಸಿ, ಅದರ ಫೋಟೋ ತಗೊಂಡೇ ಎದ್ದೆ.

ಹೊರಗೆ ಬಂದರೆ ಪಕ್ಕದ ಸೈಟಲ್ಲಿ ಮನೆ ಕಟ್ಟೋಕೆ ಇಳಿಸಿದ್ದ ಎಂ-ಸ್ಯಾಂಡ್ ಗುಡ್ಡೆ ಮೇಲೆ ಏಳೆಂಟು ಮಕ್ಕಳು. ಅದರಲ್ಲಿ ನನ್ನ ಮಗಳೂ ಇದ್ದಳು, ಚಪ್ಪಲಿ ಇರಲಿಲ್ಲ. ಮೇಸ್ತ್ರಿ ಇನ್ನೂ ನೋಡಿರಲಿಲ್ಲ.