ಬಡ ರಾಷ್ಟ್ರದ ವಕಾಲತ್ತು

1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಸ್ಥಾಪನೆಯಾದಾಗ ದಾವೆ ಹೂಡುವ ಹಕ್ಕು ಸದಸ್ಯ ರಾಷ್ಟ್ರಗಳಿಗೆಲ್ಲ ದೊರೆಯಿತು. ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಈ ಕೊರತೆಯನ್ನು ನೀಗಲೆಂದೇ 2001ರಲ್ಲಿ ಜಿನೀವಾದಲ್ಲಿ ಕಾನೂನು ಸಲಹಾ ಕೇಂದ್ರವೊಂದು ತೆರೆಯಿತು.

ಅದರ ನೆರವು ಪಡೆದ ಬಾಂಗ್ಲಾದೇಶವು, ತನ್ನ ಬ್ಯಾಟರಿಗಳ ಮೇಲೆ ನೆರೆಯ ದೇಶ 2002ರಲ್ಲಿ ವಿಧಿಸಿದ್ದ ಡಂಪಿಂಗ್ ವಿರೋಧಿ ಸುಂಕವನ್ನು 2004ರ ಜನವರಿಯಲ್ಲಿ ಪ್ರಶ್ನಿಸಿತು. ಅತ್ಯಂತ ಹಿಂದುಳಿದ ರಾಷ್ಟ್ರವೊಂದು ಅಲ್ಲಿ ಹೂಡಿದ ಮೊದಲ ವ್ಯಾಜ್ಯವದು. ಪ್ರತಿವಾದಿ ಯಾರೆಂದಿರಿ? ನಮ್ಮ ಭಾರತವೇ! ಸಿರಿವಂತ ರಾಷ್ಟ್ರಗಳ ದಬ್ಬಾಳಿಕೆಯನ್ನು ಅದೇ ವೇದಿಕೆಯಲ್ಲಿ ಖಂಡಿಸುತ್ತಿದ್ದ ನಮಗೆ ಇದು ಮುಜುಗರದ ಸಂಗತಿಯೇ ಸರಿ. ಆಮದಿನ ಪ್ರಮಾಣ ನಗಣ್ಯವಾಗಿದ್ದರೆ ಇಂಥ ತನಿಖೆಯನ್ನೇ ಕೈಬಿಡಬೇಕೆಂಬ ನಿಯಮ ಮೊದಲೇ ಇತ್ತು. ಅದನ್ನು ಎತ್ತಿ ತೋರಿಸಬಲ್ಲವರು ಬೇಕಿತ್ತು, ಅಷ್ಟೆ.

ತೀರ್ಪಿನವರೆಗೆ ಹೋಗಬೇಕಾಗಲಿಲ್ಲ. 2005ರ ಜನವರಿಯಲ್ಲಿ ಭಾರತ ಸುಂಕವನ್ನು ಹಿಂತೆಗೆದುಕೊಂಡಿತು; 2006ರ ಫೆಬ್ರವರಿಯಲ್ಲಿ ಉಭಯ ದೇಶಗಳೂ ರಾಜಿಯಾದುದನ್ನು ಸಂಘಟನೆಗೆ ತಿಳಿಸಿದವು.