ಕಾಜಾಣವೂ ಗಣಕವೂ

ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ಕಾಡುಗಳಲ್ಲಿ ಕ್ಯಾಮರಾ ಹಿಡಿದು ಹಕ್ಕಿಗಳಿಗಾಗಿ ಕಾದವರೆಂಬುದನ್ನು ನಾವೆಲ್ಲ ಬಲ್ಲೆವು. ಕನ್ನಡಕ್ಕೆ ಸಮರ್ಥವಾದ ಗಣಕ ತಂತ್ರಾಂಶ ಬೇಕೆಂದು ಅವರು ಪಟ್ಟ ಪಾಡು ಅಷ್ಟಾಗಿ ಪರಿಚಿತವಲ್ಲ. ಆಗ ಒಂದೊಂದು ತಂತ್ರಾಂಶವೂ ನಮ್ಮ ಅಕ್ಷರಗಳಿಗೆ ತನ್ನದೇ ಸಂಕೇತಗಳನ್ನು ಇಟ್ಟುಕೊಂಡಿತ್ತು; ಒಂದರಲ್ಲಿ ‘ಕಾಜಾಣ’ವೆಂದು ಬರೆದುದು ಇನ್ನೊಂದರಲ್ಲಿ ಅರ್ಥಹೀನ ಚಿಹ್ನೆಗಳ ಸಾಲಾಗುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ದೊರೆತರೂ ಬವಣೆ ಬೇಗನೆ ತೀರಲಿಲ್ಲ. ಹಳೆಯ ಕಡತಗಳನ್ನು ತೆರೆಯುವಾಗ ಇಂದಿಗೂ ಅದನ್ನು ಅನುಭವಿಸುತ್ತೇವೆ. ಪಾಠದ ಟಿಪ್ಪಣಿಯೊಂದು ಹಾಗೆ ಕೈತಪ್ಪಿದರೆ ಮತ್ತೆ ಬರೆಯಬಹುದು. ಹತ್ತು ವರ್ಷ ಗುರುತಿಟ್ಟ ಹಕ್ಕಿಗಳ ದಿನಚರಿ ಹೋದರೆ ಅದನ್ನು ಯಾರಿಂದ ಪಡೆಯುವುದು?

ಗೋಕುಳ ಶಿರಗಾಂವದ ಕಾರ್ಖಾನೆಗಳ ಬಳಿ ತಂತಿಯ ಮೇಲೆ ಕುಳಿತ ಕಾಜಾಣದ ಹೆಸರನ್ನು ಇಂದಿನ ಮಕ್ಕಳು ಮೊಬೈಲಿನಲ್ಲಿ ಕನ್ನಡದಲ್ಲಿಯೇ ಬರೆಯುತ್ತಾರೆ. ‘ಣ’ಕಾರವನ್ನು ಹುಡುಕುತ್ತ ನಿಲ್ಲುವವರು ನಾವು ಶಿಕ್ಷಕರು!