ಬಾಣಂತಿಯ ಗುಡಿಸಲೂ ಸೂಲಗಿತ್ತಿಯ ಕೈಯೂ

ನಾಯಕನಹಟ್ಟಿಯನ್ನೊಳಗೊಂಡ ಚಳ್ಳಕೆರೆ ಸೀಮೆಯ ಕಾಡುಗೊಲ್ಲರಲ್ಲಿ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗಣ ಗುಡಿಸಲಿನಲ್ಲಿರಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದುದಾಗಿದೆ. ಸೋಂಕನ್ನು ತಡೆಯಲು ಹಿರಿಯರು ಕಂಡುಕೊಂಡ ಉಪಾಯವಿದೆಂದು ಸಮರ್ಥಿಸುವವರುಂಟು. ನಾವು ಈ ಮಾತನ್ನು ಒಪ್ಪಲಾರೆವು. ಸೂತಕದ ಭಯದಿಂದ ಹುಟ್ಟಿದ ಈ ಕಟ್ಟಳೆ ಕಾಪಾಡಿದುದು ಹಟ್ಟಿಯ ದೇವರ ಮಡಿಯನ್ನು, ಬಾಣಂತಿಯ ದೇಹವನ್ನಲ್ಲ.

'ಸೋಂಕು' ಎಂಬ ನಮ್ಮ ಪದಕ್ಕೆ ಮುಟ್ಟುವಿಕೆಯೆಂಬುದೇ ಮೂಲಾರ್ಥವೆಂಬುದು ಇಲ್ಲಿ ಸ್ಮರಣೀಯ. ಅಪಾಯವಿದ್ದುದು ಮುಟ್ಟುವ ಕೈಯಲ್ಲಿ, ಹೊಕ್ಕುಳಬಳ್ಳಿಯನ್ನು ಕೊಯ್ಯುವ ಅಲಗಿನಲ್ಲಿ. ಸೂಲಗಿತ್ತಿಯರನ್ನು ನಾವು ಹಳಿಯುತ್ತಿಲ್ಲ. ಯುರೋಪಿನ ವೈದ್ಯರೇ ಇದನ್ನರಿಯದೆ ಇದ್ದರು. 1847ರಲ್ಲಿ ವಿಯೆನ್ನದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸನು, ಶವಗಳನ್ನು ಕೊಯ್ದು ಬರುತ್ತಿದ್ದ ವೈದ್ಯರಿಂದ ಸುಣ್ಣದ ಕ್ಲೋರೈಡಿನ ನೀರಿನಲ್ಲಿ ಕೈ ತೊಳೆಯಿಸಿದನು. ಏಪ್ರಿಲ್ಲಿನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಬಾಣಂತಿಯರ ಸಾವು ಜೂನಿನಲ್ಲಿ ಸುಮಾರು 2ಕ್ಕೆ ಇಳಿಯಿತು. ಅಲ್ಲಿ ಯಾರನ್ನೂ ಊರಾಚೆ ಕಳುಹಿಸಿರಲಿಲ್ಲ.

ಗುಡಿಸಲಾದರೋ ನೆಂಟರಿಷ್ಟರನ್ನು ದೂರವಿಟ್ಟಿತು. ತೊಳೆಯದ ಕೈಯನ್ನೂ ಚಳಿಯನ್ನೂ ತಡೆಯಲಿಲ್ಲ. ಇದು ಮುಗಿದ ಇತಿಹಾಸವೆಂದು ಬರೆಯುವಂತೆಯೂ ಇಲ್ಲ. ನೆರೆಯ ತುಮಕೂರು ಜಿಲ್ಲೆಯ ಗೊಲ್ಲರಹಟ್ಟಿಯೊಂದರಲ್ಲಿ, 2023ರ ಜುಲೈ ತಿಂಗಳ ಮಳೆಯಲ್ಲಿ, ಹೊರಗಿನ ಗುಡಿಸಲಿನಲ್ಲಿರಿಸಿದ್ದ ಹಸುಳೆಯೊಂದು ತೀರಿಕೊಂಡಿತು.